ಒಂದೇ ಟೈರ್, ಮೂರು ಗೇಜ್, ಮೂರು ಲೆಕ್ಕ. ಯಾವುದನ್ನು ನಂಬಲಿ?

ಅನುಮಾನಿ
ಎಲ್ಲರಿಗೂ ನಮಸ್ಕಾರ. ಸಣ್ಣ ವಿಷಯ, ಆದರೆ ಒಂದು ವಾರದಿಂದ ತಲೆ ಕೊರೆಯುತ್ತಿದೆ.

ನನ್ನ ಕಾರಿನ ಬಾಗಿಲ ಪಕ್ಕದ ಚೀಟಿಯಲ್ಲಿ ನಾಲ್ಕೂ ಟೈರಿಗೆ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಎಂದಿದೆ. ಶನಿವಾರ ಪೆಟ್ರೋಲ್ ಬಂಕಿನಲ್ಲಿ 33ಕ್ಕೆ ಸೆಟ್ ಮಾಡಿ ಗಾಳಿ ಹಾಕಿಸಿದೆ. ಮೆಷಿನ್ ಟಿಂಗ್ ಎಂದಿತು, ಮನೆಗೆ ಬಂದೆ. ಭಾನುವಾರ ಬೆಳಗ್ಗೆ ನನ್ನ ಡಿಜಿಟಲ್ ಗೇಜ್ ಇಟ್ಟು ನೋಡಿದರೆ 30. ಗ್ಲೋವ್ ಬಾಕ್ಸಿನಲ್ಲಿ ಪೆನ್ನಿನ ಥರದ ಹಳೇ ಕಡ್ಡಿ ಗೇಜ್ ಒಂದು ಬಿದ್ದಿತ್ತು. ಅದನ್ನಿಟ್ಟರೆ 34. ಇನ್ನೊಮ್ಮೆ ಇಟ್ಟರೆ 35! ಟೈರ್ ಒಂದೇ, ಒಳಗಿನ ಗಾಳಿ ಒಂದೇ.

ಈಗ ನೆಟ್ಟಗಿರುವ ಒಂದು ಗೇಜ್ ಕೊಳ್ಳಬೇಕು ಎಂದುಕೊಂಡಿದ್ದೇನೆ. ಡಯಲ್ ತಗೊಳ್ಳಲಾ, ಡಿಜಿಟಲ್ಲಾ? ಕೊಂಡ ಮೇಲೆ ಅದು ನಿಜ ಹೇಳುತ್ತಿದೆ ಎಂದು ತಿಳಿಯುವುದು ಹೇಗೆ? ಮುಂದಿನ ಎಡಗಡೆ ಟೈರ್ ಉಳಿದ ಮೂರಕ್ಕಿಂತ ಬೇಗ ಇಳಿಯುತ್ತಿದೆ ಎಂಬ ಅನುಮಾನ ಬೇರೆ ಇದೆ. ಅಳೆಯುವ ಸಾಮಾನೇ ಸರಿ ಇಲ್ಲದಿದ್ದರೆ ಆ ಅನುಮಾನವನ್ನಾದರೂ ಹೇಗೆ ಬಗೆಹರಿಸಲಿ?

ಸ್ಟೆಪ್ನಿ
ನಾಲ್ಕು ಟೈರಿನ ಲೆಕ್ಕ ಹೇಳಿದಿರಿ. ಐದನೆಯದರದ್ದು?

ನಿಧಾನಗಾಮಿ
ಅಯ್ಯೋ ಬಿಡಿ. ಇಪ್ಪತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ. ಕಾಲಲ್ಲಿ ಒಂದು ಒದ್ದು ನೋಡಿದರೆ ಗೊತ್ತಾಗುತ್ತದೆ. ಗೇಜೂ ಬೇಡ, ಗೀಜೂ ಬೇಡ.

ಹಳೇಸ್ಪ್ಯಾನರ್
ನಿಧಾನಗಾಮಿಯವರೇ, ಒದ್ದು ನೋಡಿದರೆ ಕಾಲು ನೋಯುತ್ತದೆ ಅಷ್ಟೇ. ಈಗಿನ ರೇಡಿಯಲ್ ಟೈರ್ ಸರಿಯಾದ ಗಾಳಿ ಇದ್ದಾಗಲೂ ಕೆಳಗೆ ಸ್ವಲ್ಪ ಉಬ್ಬಿಕೊಂಡೇ ಕಾಣುತ್ತದೆ. 33 ಇರುವ ಟೈರನ್ನೂ 26 ಇರುವ ಟೈರನ್ನೂ ಅಕ್ಕಪಕ್ಕ ಇಟ್ಟು ಕಣ್ಣಳತೆಯಲ್ಲಿ ಹೇಳಿ ಎಂದರೆ ನನಗೂ ಆಗುವುದಿಲ್ಲ, ಮೂವತ್ತು ವರ್ಷ ಟೈರ್ ಬಿಚ್ಚಿದವನು ನಾನು.

ಅನುಮಾನಿ ಸರ್, ನೀವು ಗೇಜ್ ಕೊಳ್ಳುವ ಮೊದಲು ಒಂದು ಮಾತು ಹೇಳಿ. ಬಂಕ್ ನಿಮ್ಮ ಮನೆಯಿಂದ ಎಷ್ಟು ದೂರ?

ಬಟನ್‌ಸೆಲ್
ಡಿಜಿಟಲ್ ತಗೊಳ್ಳಿ, ಯೋಚನೆಯೇ ಬೇಡ. ನನ್ನದು 0.1ರ ಲೆಕ್ಕದಲ್ಲಿ ತೋರಿಸುತ್ತದೆ. 32.7, 32.8, ಹೀಗೆ. ಕತ್ತಲಲ್ಲಿ ದೀಪ ಬೇರೆ ಹೊತ್ತಿಕೊಳ್ಳುತ್ತದೆ. ಡಯಲ್ ಎಲ್ಲ ಅಜ್ಜನ ಕಾಲದ್ದು.

ಮುಳ್ಳುನೋಡು
ಬಟನ್‌ಸೆಲ್, 0.1ರ ವರೆಗೆ ತೋರಿಸುವುದಕ್ಕೂ 0.1ರ ವರೆಗೆ ಸರಿಯಾಗಿರುವುದಕ್ಕೂ ಸಂಬಂಧ ಇಲ್ಲ. ನನ್ನ ಕೆಲಸವೇ ಅಳತೆಯ ಉಪಕರಣಗಳದ್ದು, ಈ ತಪ್ಪನ್ನು ದಿನಾ ನೋಡುತ್ತೇನೆ. ಗಡಿಯಾರದಲ್ಲಿ ಸೆಕೆಂಡಿನ ಮುಳ್ಳು ಇದೆ ಎಂದ ಮಾತ್ರಕ್ಕೆ ಅದು ಹತ್ತು ನಿಮಿಷ ಹಿಂದೆ ಇಲ್ಲ ಎಂದು ಅರ್ಥವಲ್ಲ, ಅಲ್ವಾ? ಪರದೆಯ ಮೇಲೆ 32.7 ಎಂದು ಬಂದರೆ ಒಳಗೆ ನಿಜವಾಗಿ 31.7 ಇರಬಹುದು, 33.7 ಕೂಡ ಇರಬಹುದು. ನಿಮ್ಮ ಗೇಜಿನ ಡಬ್ಬಿಯ ಹಿಂದೆ ಏನು ಬರೆದಿದೆ ನೋಡಿ ಹೇಳಿ. ಪ್ಲಸ್ಸೋ ಮೈನಸ್ಸೋ ಎಷ್ಟು ಎಂದು ಇರುತ್ತದೆ.

ಅನುಮಾನಿ
ಹಳೇಸ್ಪ್ಯಾನರ್ ಸರ್, ಬಂಕ್ ದೂರವೇ. 12 ಕಿಲೋಮೀಟರ್. ಕೆಲಸ ಮುಗಿಸಿ ಬರುವಾಗ ದಾರಿಯಲ್ಲಿ ಹಾಕಿಸಿದ್ದು. ಯಾಕೆ?

ಹಳೇಸ್ಪ್ಯಾನರ್
ಸಿಕ್ಕಿತು ನೋಡಿ ಕಳ್ಳ.

12 ಕಿ.ಮೀ. ಓಡಿದ ಟೈರ್ ಬಿಸಿಯಾಗಿರುತ್ತದೆ. ಬಿಸಿಯಾದ ಗಾಳಿ ಒತ್ತಡ ಏರಿಸುತ್ತದೆ. ಓಡಿದ ಮೇಲೆ 3ರಿಂದ 5 ಪಿಎಸ್‌ಐ ಜಾಸ್ತಿ ಕಾಣುವುದು ತೀರಾ ಮಾಮೂಲು. ಚೀಟಿಯಲ್ಲಿ ಬರೆದ 33 ಇದೆಯಲ್ಲ, ಅದು ತಣ್ಣಗಿರುವ ಟೈರಿನ ಲೆಕ್ಕ. ತಣ್ಣಗೆ ಎಂದರೆ ಗಾಡಿ ನಿಂತು ಕನಿಷ್ಠ ಮೂರು ಗಂಟೆ ಆಗಿರಬೇಕು, ಬಿಸಿಲೂ ಬಿದ್ದಿರಬಾರದು. ಇಲ್ಲವೇ ಒಂದೂವರೆ ಕಿ.ಮೀ. ಒಳಗೆ ಮಾತ್ರ ಓಡಿರಬೇಕು.

ನೀವು ಬಿಸಿ ಟೈರಿಗೆ 33 ಹಾಕಿಸಿದಿರಿ. ರಾತ್ರಿ ತಣ್ಣಗಾಗಿ ಬೆಳಗ್ಗೆ 30ಕ್ಕೆ ಇಳಿಯಿತು. ಅಂದರೆ ಬಂಕಿನ ಮೆಷಿನ್ನೂ ಸುಳ್ಳು ಹೇಳಲಿಲ್ಲ, ನಿಮ್ಮ ಡಿಜಿಟಲ್ಲೂ ಸುಳ್ಳು ಹೇಳಲಿಲ್ಲ. ಬಹುಶಃ ಎರಡೂ ಸರಿಯೇ. ಆ ಕಡ್ಡಿ ಗೇಜಿನ ಮೇಲೆ ಮಾತ್ರ ನನಗೆ ಅನುಮಾನ.

ಅನುಮಾನಿ
ಅಯ್ಯೋ! ಒಂದು ವಾರ ಬಂಕಿನವರನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೇನೆ.

ಎರಡುಚಕ್ರ
ಇದಕ್ಕೆ ಒಂದು ಸುಲಭದ ಲೆಕ್ಕ ಇದೆ. ಗಾಳಿಯ ಬಿಸಿ 6 ಡಿಗ್ರಿ ಸೆಲ್ಸಿಯಸ್ ಬದಲಾದರೆ ಕಾರಿನ ಟೈರಿನಲ್ಲಿ ಹತ್ತಿರ ಹತ್ತಿರ 1 ಪಿಎಸ್‌ಐ ಬದಲಾಗುತ್ತದೆ. ಮಧ್ಯಾಹ್ನ 34 ಡಿಗ್ರಿ, ಬೆಳಗಿನ ಜಾವ 16 ಡಿಗ್ರಿ ಎಂದಿಟ್ಟುಕೊಳ್ಳಿ. ಗಾಡಿ ಒಂದಿಂಚೂ ಅಲ್ಲಾಡದೆ 3 ಪಿಎಸ್‌ಐ ಇಳಿದಿರುತ್ತದೆ. ಅದಕ್ಕೇ ನಾನು ಯಾವಾಗಲೂ ಬೆಳಗ್ಗೆಯೇ ನೋಡುವುದು. ಒಂದೇ ಹೊತ್ತಿಗೆ ನೋಡಿದರೆ ಒಂದು ವಾರಕ್ಕೂ ಇನ್ನೊಂದು ವಾರಕ್ಕೂ ಹೋಲಿಸಬಹುದು.

ಬಟನ್‌ಸೆಲ್
ಮುಳ್ಳುನೋಡು ಅವರೇ, ಡಬ್ಬಿ ಹುಡುಕಿದೆ. "ಪ್ಲಸ್ ಮೈನಸ್ ಶೇ. 1, ಪೂರ್ತಿ ಸ್ಕೇಲ್" ಎಂದಿದೆ. ಶೇ. 1 ಎಂದರೆ 33ರಲ್ಲಿ 0.3. ಅಷ್ಟು ತಪ್ಪು ಯಾರು ಕೇಳುತ್ತಾರೆ?

ಮುಳ್ಳುನೋಡು
ಎಲ್ಲರೂ ಜಾರಿ ಬೀಳುವುದು ಇಲ್ಲೇ. "ಪೂರ್ತಿ ಸ್ಕೇಲ್" ಎಂಬ ಎರಡು ಪದ ಓದಿದಿರಿ, ಲೆಕ್ಕಕ್ಕೆ ತಗೊಳ್ಳಲಿಲ್ಲ. ನಿಮ್ಮ ಗೇಜ್ ಎಷ್ಟರ ವರೆಗೆ ಅಳೆಯುತ್ತದೆ?

ಬಟನ್‌ಸೆಲ್
150.

ಮುಳ್ಳುನೋಡು
ಹಾಗಾದರೆ ಶೇ. 1 ಎಂದರೆ 150ರಲ್ಲಿ ಶೇ. 1. ಅಂದರೆ 1.5 ಪಿಎಸ್‌ಐ. ನೀವು 33 ಅಳೆದರೂ ತಪ್ಪು ಅಷ್ಟೇ ಇರಬಹುದು, 140 ಅಳೆದರೂ ಅಷ್ಟೇ. ನಿಮ್ಮ 32.7ರಲ್ಲಿ ಆ ".7" ಬರೀ ಅಲಂಕಾರ.

ಗೇಜ್ ಕೊಳ್ಳುವವರು ಮೊದಲು ನೋಡಬೇಕಾದದ್ದು ಡಯಲ್ಲೋ ಡಿಜಿಟಲ್ಲೋ ಎನ್ನುವುದನ್ನಲ್ಲ. ಎಷ್ಟರ ವರೆಗಿನ ಸ್ಕೇಲ್ ಎನ್ನುವುದನ್ನು. ಒಂದೇ ಶೇ. 2ರ ಗೇಜ್ 60ರ ವರೆಗಿನದ್ದಾದರೆ ತಪ್ಪು 1.2, 100ರ ವರೆಗಿನದ್ದಾದರೆ 2, 160ರ ವರೆಗಿನದ್ದಾದರೆ 3.2. ಕಾರಿಗೆ 30ರಿಂದ 36ರ ಒಳಗೆ ಅಳೆಯುವವರಿಗೆ 160ರ ಗೇಜ್ ಯಾಕೆ? ಚಿನ್ನ ತೂಗುವುದಕ್ಕೆ ಯಾರಾದರೂ ಸೌದೆ ತೂಗುವ ತಕ್ಕಡಿ ತರುತ್ತಾರಾ?

ಮುಳ್ಳಿನ ಗೇಜುಗಳಿಗೆ ಎಎಸ್‌ಎಂಇ ಬಿ40.100 ಎಂಬ ಮಾನದಂಡ ಇದೆ. ಅದರಲ್ಲಿ ಗ್ರೇಡ್ ಬಿ ಎಂದರೆ 3-2-3. ಸ್ಕೇಲಿನ ನಡುವಿನ ಅರ್ಧದಲ್ಲಿ ಶೇ. 2ರ ವರೆಗೆ ತಪ್ಪಬಹುದು, ಎರಡೂ ತುದಿಯ ಕಾಲು ಭಾಗದಲ್ಲಿ ಶೇ. 3ರ ವರೆಗೆ. ಗ್ರೇಡ್ ಎ ಎಂದರೆ 2-1-2. ಅಂದರೆ ಮುಳ್ಳು ಸ್ಕೇಲಿನ ನಡುಭಾಗದಲ್ಲಿ ನಿಂತಾಗ ಅದರ ಮಾತಿಗೆ ಬೆಲೆ ಜಾಸ್ತಿ. 33 ಎನ್ನುವುದು 60ರ ಡಯಲಿನಲ್ಲಿ ಹೆಚ್ಚು ಕಡಿಮೆ ಮಧ್ಯದಲ್ಲೇ ಬರುತ್ತದೆ. 160ರ ಡಯಲಿನಲ್ಲಿ ಮೊದಲ ಕಾಲು ಭಾಗದ ಒಳಗೇ ಸಿಕ್ಕಿಬೀಳುತ್ತದೆ. ಗೆರೆಗಳೂ ಒತ್ತೊತ್ತಾಗಿ ಇರುತ್ತವೆ, ಓದುವಾಗಲೇ ಒಂದು ಪಿಎಸ್‌ಐ ಕಳೆದುಹೋಗುತ್ತದೆ.

ಬಟನ್‌ಸೆಲ್
ಸರಿ, ಸೋತೆ. ಆದರೂ ದೀಪ ಚೆನ್ನಾಗಿದೆ.

ಲಾರಿಬಳಗ
ನಮ್ಮ ಗಾಡಿಗೆ 110 ಹಾಕುತ್ತೇವೆ. 60ರ ಗೇಜ್ ತಂದರೆ ಮುಳ್ಳು ಒಂದು ಸುತ್ತು ಹೊಡೆದು ಕಿತ್ತುಕೊಂಡು ಹೋಗುತ್ತದೆ. ಎಲ್ಲರಿಗೂ ಒಂದೇ ಉಪದೇಶ ಮಾಡಬೇಡಿ ಮಾರಾಯರೇ.

ಮುಳ್ಳುನೋಡು
ಒಪ್ಪಿದೆ. ನಿಮಗೆ 160ರದ್ದೇ ಸರಿ. ನೀವು ಅಳೆಯುವ ಅಂಕಿ ಸ್ಕೇಲಿನ ಮಧ್ಯಕ್ಕೆ ಹತ್ತಿರ ಬರಲಿ, ಅಷ್ಟೇ ನನ್ನ ಮಾತು.

ಲಾರಿಬಳಗ
ಹಿಂದೆ ಜೋಡಿ ಚಕ್ರ ಇರುವವರಿಗೆ ಇನ್ನೊಂದು ಕಷ್ಟ. ಒಳಗಿನ ಚಕ್ರದ ವಾಲ್ವ್‌ಗೆ ಕೈ ಹೋಗುವುದಿಲ್ಲ. ಅದಕ್ಕೇ ಉದ್ದ ಕೋಲಿನ, ಎರಡೂ ಕಡೆ ಬಾಯಿ ಇರುವ ಗೇಜ್ ಬರುತ್ತದೆ. ಒಂದು ಬಾಯಿ ಹೊರಗಿನ ಚಕ್ರಕ್ಕೆ, ಹಿಮ್ಮುಖದ ಬಾಯಿ ಒಳಗಿನದಕ್ಕೆ. ನಮ್ಮಲ್ಲಿ ಹೊಸ ಹುಡುಗರು ಕೈ ಹೋಗುವುದಿಲ್ಲ ಎಂದು ಒಳಚಕ್ರವನ್ನು ಸುತ್ತಿಗೆಯಲ್ಲಿ ಬಡಿದು, "ಟಣ್ ಅಂತು, ಗಾಳಿ ಇದೆ" ಎಂದು ಬಿಟ್ಟುಬಿಡುತ್ತಾರೆ. ಅರ್ಧ ಗಾಳಿ ಇದ್ದರೂ ಟಣ್ ಎನ್ನುತ್ತದೆ ಅದು. ಆಮೇಲೆ ಹೊರಗಿನ ಚಕ್ರವೇ ಪೂರ್ತಿ ಭಾರ ಹೊತ್ತು ಸಾಯುತ್ತದೆ.

ಸ್ಟೆಪ್ನಿ
ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಎರಡುಚಕ್ರ
ಬೈಕ್, ಸ್ಕೂಟರಿನವರಿಗೆ ನನ್ನ ಅನುಭವ. ನಿಖರತೆ ಎಲ್ಲ ಆಮೇಲೆ. ಮೊದಲು ಗೇಜಿನ ಬಾಯಿ ನಿಮ್ಮ ವಾಲ್ವ್‌ಗೆ ಕೂರುತ್ತದಾ ನೋಡಿ. ನನ್ನ ಸ್ಕೂಟರಿನ ಚಕ್ರ ಚಿಕ್ಕದು, ಡಿಸ್ಕ್ ಬೇರೆ ಅಡ್ಡ. ನೆಟ್ಟಗಿನ ಬಾಯಿಯ ಗೇಜ್ ತಂದು ಮೂರು ದಿನ ಒದ್ದಾಡಿದೆ. ಅರ್ಧಂಬರ್ಧ ಕೂತು ಪುಸ್ ಎಂದು ಗಾಳಿ ಬಿಡುತ್ತಿತ್ತು. ಪ್ರತಿ ಸಲವೂ ಬೇರೆ ಅಂಕಿ. ಗೇಜ್ ಕೆಟ್ಟಿದೆ ಎಂದುಕೊಂಡೆ. ಕೆಟ್ಟಿದ್ದು ಗೇಜಲ್ಲ, ಕೋನ.

ಆಮೇಲೆ ತುದಿ ಬಾಗಿದ, ಗಿರಗಿರ ತಿರುಗುವ ಬಾಯಿ ಇರುವ, ಚಿಕ್ಕ ರಬ್ಬರ್ ಪೈಪಿನ ಗೇಜ್ ತಂದೆ. ಒಂದು ಸಲ ಒತ್ತಿದರೆ ಸದ್ದಿಲ್ಲದೆ ಕೂರುತ್ತದೆ. ಪುಸ್ ಸದ್ದು ಬರುತ್ತಿದ್ದರೆ ಆ ಓದು ಲೆಕ್ಕಕ್ಕಿಲ್ಲ, ಇದೇ ನನ್ನ ನಿಯಮ. ಮೂರು ಸಲ ಇಟ್ಟು ಮೂರು ಸಲವೂ ಒಂದೇ ಬಂದರೆ ಮಾತ್ರ ನಂಬುತ್ತೇನೆ.

ಸೈಕಲ್‌ಸವಾರ
ಪೈಪ್ ಇರುವ ಗೇಜ್ ಸೈಕಲ್ಲಿಗೆ ಹಾಕಬೇಡಿ. ಪೈಪಿನ ಒಳಗೆ ತುಂಬುವ ಗಾಳಿ ಟೈರಿನಿಂದಲೇ ಬರಬೇಕು. ಕಾರಿನ ದೊಡ್ಡ ಟೈರಿಗೆ ಅದು ಲೆಕ್ಕಕ್ಕೇ ಇಲ್ಲ. ಸಪೂರ ಸೈಕಲ್ ಟೈರಿನಲ್ಲಿ ಇರುವುದೇ ಸ್ವಲ್ಪ ಗಾಳಿ, ಅಳೆಯುವಾಗಲೇ ಕೆಲವು ಪಿಎಸ್‌ಐ ಇಳಿದುಬಿಡುತ್ತದೆ. ವಾಲ್ವ್ ಕೂಡ ನೋಡಿಕೊಳ್ಳಿ. ಕಾರು, ಬೈಕಿಗೆ ಇರುವುದು ಶ್ರೇಡರ್ ವಾಲ್ವ್, ದಪ್ಪಗೆ, ಮಧ್ಯದಲ್ಲಿ ಪಿನ್ ಇರುತ್ತದೆ. ರೇಸ್ ಸೈಕಲ್ಲಿಗೆ ಬರುವುದು ತೆಳ್ಳಗಿನ ಪ್ರೆಸ್ಟಾ. ಒಂದರ ಗೇಜ್ ಇನ್ನೊಂದಕ್ಕೆ ನೇರವಾಗಿ ಕೂರುವುದಿಲ್ಲ.

ಅನುಮಾನಿ
ಇವತ್ತು ಬೆಳಗ್ಗೆ ಪ್ರಯೋಗ ಮಾಡಿದೆ. ರಾತ್ರಿಯಿಡೀ ನಿಂತ ಗಾಡಿ, ನೆರಳು. ಮುಂದಿನ ಬಲಗಡೆ ಟೈರ್. ಪಕ್ಕದ ಮನೆಯವರ ಡಯಲ್ ಗೇಜನ್ನೂ ಕೇಳಿ ತಂದೆ. ಒಂದಾದ ಮೇಲೆ ಒಂದು, ಪ್ರತಿಯೊಂದನ್ನೂ ಮೂರು ಸಲ.

ಡಿಜಿಟಲ್: 30, 30, 30.5.
ಪಕ್ಕದ ಮನೆ ಡಯಲ್: 31, 31, 31.
ಕಡ್ಡಿ: 34, 32, 35.

ಕಡ್ಡಿ ಗೇಜ್ ಡೋಲಾಯಮಾನ. ಉಳಿದೆರಡರಲ್ಲಿ ಯಾವುದು ಸರಿ?

ಹಳೇಸ್ಪ್ಯಾನರ್
ಕಡ್ಡಿ ಗೇಜಿನೊಳಗೆ ಏನಿಲ್ಲ, ಒಂದು ಪಿಸ್ಟನ್, ಒಂದು ಸ್ಪ್ರಿಂಗ್. ಗಾಳಿ ತಳ್ಳುತ್ತದೆ, ಸ್ಪ್ರಿಂಗ್ ತಡೆಯುತ್ತದೆ, ಕಡ್ಡಿ ಹೊರಗೆ ಬರುತ್ತದೆ. ಧೂಳು ಸೇರಿದರೆ, ರಬ್ಬರ್ ಒಣಗಿದರೆ ಪಿಸ್ಟನ್ ಉಜ್ಜುತ್ತದೆ. ಕೆಲವರು ಜೋರಾಗಿ ಕುಕ್ಕುತ್ತಾರೆ, ಆಗ ಕಡ್ಡಿ ಹಾರಿ ಮುಂದೆ ಹೋಗಿ ಅಲ್ಲೇ ನಿಲ್ಲುತ್ತದೆ. ಹೊಸದು, ಶುದ್ಧವಾಗಿಟ್ಟುಕೊಂಡದ್ದು ಕೆಟ್ಟದ್ದೇನಲ್ಲ. ಬ್ಯಾಟರಿ ಬೇಡ, ಜೇಬಿನಲ್ಲಿ ಕೂರುತ್ತದೆ. ಆದರೆ ಗ್ಲೋವ್ ಬಾಕ್ಸಿನಲ್ಲಿ ಎಷ್ಟು ವರ್ಷದಿಂದ ಬಿದ್ದಿತ್ತು ನಿಮ್ಮದು?

ಅನುಮಾನಿ
ಕಾರಿನ ಹಿಂದಿನ ಮಾಲೀಕರ ಕಾಲದ್ದು.

ಹಳೇಸ್ಪ್ಯಾನರ್
ನಿವೃತ್ತಿ ಕೊಡಿ.

ಮುಳ್ಳುನೋಡು
ಅನುಮಾನಿಯವರ ಪ್ರಯೋಗ ನನಗೆ ಖುಷಿ ಕೊಟ್ಟಿತು. ಇದರಲ್ಲಿ ಎರಡು ಬೇರೆ ಬೇರೆ ಗುಣ ಕಾಣುತ್ತಿವೆ. ಒಂದು, ಕೇಳಿದಷ್ಟು ಸಲವೂ ಅದೇ ಉತ್ತರ ಕೊಡುವುದು. ಇನ್ನೊಂದು, ನಿಜವಾದ ಉತ್ತರ ಕೊಡುವುದು. ಪಕ್ಕದ ಮನೆಯ ಡಯಲ್ ಮೊದಲನೆಯದರಲ್ಲಿ ಪಾಸ್. ಎರಡನೆಯದು ಇನ್ನೂ ಗೊತ್ತಿಲ್ಲ. ಆದರೆ ಮೊದಲ ಗುಣ ಇದ್ದರೆ ಎರಡನೆಯದನ್ನು ಸರಿಮಾಡಿಕೊಳ್ಳಬಹುದು. ಯಾವಾಗಲೂ 1 ಜಾಸ್ತಿ ತೋರಿಸುವ ಗೇಜ್ ಇದ್ದರೆ 1 ಕಳೆದರೆ ಆಯಿತು. ಗೇಜಿನ ಬೆನ್ನಿಗೆ ಚೀಟಿ ಅಂಟಿಸಿ. ಒಮ್ಮೆ 1, ಒಮ್ಮೆ 4 ಜಾಸ್ತಿ ತೋರಿಸುವ ಗೇಜಿಗೆ ಮದ್ದಿಲ್ಲ.

ನಿಜ ತಿಳಿಯಬೇಕಾದರೆ ಪರೀಕ್ಷೆ ಆಗಿರುವ ಗೇಜಿನ ಜೊತೆ ಹೋಲಿಸಬೇಕು. ಪ್ರಯೋಗಾಲಯದಲ್ಲಿ ಡೆಡ್ ವೇಟ್ ಟೆಸ್ಟರ್ ಎಂದು ಇರುತ್ತದೆ. ಗೊತ್ತಿರುವ ತೂಕವನ್ನು ಗೊತ್ತಿರುವ ಅಗಲದ ಪಿಸ್ಟನ್ ಮೇಲೆ ಇಟ್ಟು ಒತ್ತಡ ಹುಟ್ಟಿಸುತ್ತಾರೆ. ನೀವು ಅಲ್ಲಿಯವರೆಗೆ ಹೋಗಬೇಕಾಗಿಲ್ಲ. ಟೈರ್ ಕೆಲಸ ಮಾಡುವ ಒಳ್ಳೆಯ ವರ್ಕ್‌ಶಾಪಿನಲ್ಲಿ ತಾರೀಕಿನ ಸ್ಟಿಕ್ಕರ್ ಅಂಟಿಸಿರುವ ಮಾಸ್ಟರ್ ಗೇಜ್ ಇದ್ದರೆ, ಒಂದೇ ಟೈರಿಗೆ ಎರಡನ್ನೂ ಇಟ್ಟು ನೋಡಿ. ವರ್ಷಕ್ಕೊಮ್ಮೆ ಸಾಕು. ಕೆಳಗೆ ಬಿದ್ದರೆ ಮಾತ್ರ ಇನ್ನೊಮ್ಮೆ.

ನಿಧಾನಗಾಮಿ
ಮನೆಯಲ್ಲೇ ಪರೀಕ್ಷೆ ಮಾಡಲು ಆಗುವುದಿಲ್ಲವೇ? ನೀರಿನ ಪೈಪ್ ಗೀಪ್ ಇಟ್ಟು?

ಮುಳ್ಳುನೋಡು
ಆಗುತ್ತದೆ! 1 ಪಿಎಸ್‌ಐ ಎಂದರೆ 70 ಸೆಂಟಿಮೀಟರ್ ಎತ್ತರದ ನೀರು. 30 ಪಿಎಸ್‌ಐ ಬೇಕೆಂದರೆ 21 ಮೀಟರ್. ಏಳು ಮಹಡಿ ಮೇಲಿಂದ ಪೈಪ್ ಇಳಿಬಿಡಿ, ಕೆಳಗೆ ಗೇಜ್ ಹಿಡಿದು ನಾನು ನಿಂತಿರುತ್ತೇನೆ.

ನಿಧಾನಗಾಮಿ
ಒದ್ದು ನೋಡುವುದೇ ವಾಸಿ.

ಬಟನ್‌ಸೆಲ್
ಡಿಜಿಟಲ್ ಪರವಾಗಿ ಒಂದು ಮಾತು. ಒಳಗೆ ಚಲಿಸುವ ಭಾಗ ಇಲ್ಲ. ಒತ್ತಡಕ್ಕೆ ಬಾಗುವ ಪುಟ್ಟ ಚಿಪ್, ಬಾಗಿದಂತೆ ಅದರ ವಿದ್ಯುತ್ ರೋಧ ಬದಲಾಗುತ್ತದೆ, ಅಷ್ಟೇ. ಕೆಳಗೆ ಬಿದ್ದರೆ ಡಯಲಿನಷ್ಟು ಬೇಗ ಹಾಳಾಗುವುದಿಲ್ಲ. ಓರೆಯಾಗಿ ನೋಡಿ ತಪ್ಪು ಓದುವ ಗೋಳೂ ಇಲ್ಲ. ಡಯಲನ್ನು ಪಕ್ಕದಿಂದ ನೋಡಿದರೆ 33 ಇದ್ದದ್ದು 34 ಕಾಣುತ್ತದೆ. ಅದಕ್ಕೇನು ಹೇಳುತ್ತೀರಿ?

ಮುಳ್ಳುನೋಡು
ನೆಟ್ಟಗೆ ನೋಡಿ ಎನ್ನುತ್ತೇನೆ. ಡಿಜಿಟಲ್ ಕೆಟ್ಟದು ಎಂದು ನಾನೆಲ್ಲಿ ಹೇಳಿದೆ? ಸ್ಕೇಲ್ ಚಿಕ್ಕದಿರುವ ಡಿಜಿಟಲ್ ಒಳ್ಳೆಯದೇ. ಬ್ಯಾಟರಿ ಸೋತಾಗ ಮಾತ್ರ ಗಮನ ಇರಲಿ. ಪೂರ್ತಿ ಸತ್ತರೆ ಪರವಾಗಿಲ್ಲ, ಅರ್ಧ ಸತ್ತಾಗ ಕೆಲವು ಗೇಜ್ ಏನೇನೋ ಬಡಬಡಿಸುತ್ತವೆ.

ಡಯಲಿನೊಳಗೆ ಇರುವುದು ಬೂರ್ಡಾನ್ ಕೊಳವೆ. 1849ರಲ್ಲಿ ಫ್ರಾನ್ಸಿನ ಯೂಜೀನ್ ಬೂರ್ಡಾನ್ ಪೇಟೆಂಟ್ ಪಡೆದದ್ದು, ಅಂದರೆ ಕಾರು ಹುಟ್ಟುವುದಕ್ಕೂ ಮೊದಲು. ಮಕ್ಕಳ ಪೀಪಿ ಇದೆಯಲ್ಲ, ಊದಿದರೆ ಸುರುಳಿ ಬಿಚ್ಚಿಕೊಳ್ಳುವುದು? ಅದೇ ಉಪಾಯ. ಬಾಗಿದ ಚಪ್ಪಟೆ ಲೋಹದ ಕೊಳವೆಯೊಳಗೆ ಗಾಳಿ ಹೋದರೆ ಅದು ನೆಟ್ಟಗಾಗಲು ನೋಡುತ್ತದೆ. ಆ ಕೂದಲೆಳೆ ಚಲನೆಯನ್ನು ಹಲ್ಲಿನ ಚಕ್ರಗಳು ದೊಡ್ಡದು ಮಾಡಿ ಮುಳ್ಳನ್ನು ತಿರುಗಿಸುತ್ತವೆ. ಅದಕ್ಕೇ ಬಿದ್ದರೆ ಕಷ್ಟ. ಸುತ್ತ ದಪ್ಪ ರಬ್ಬರ್ ಕವಚ ಇರುವುದನ್ನೇ ಕೊಳ್ಳಿ, ಚಂದಕ್ಕಲ್ಲ ಅದು.

ಇನ್ನೊಂದು. ಸೊನ್ನೆಯಲ್ಲಿ ಮುಳ್ಳನ್ನು ತಡೆಯುವ ಪುಟ್ಟ ಮೊಳೆ ಇದ್ದರೆ ಹುಷಾರು. ಬಿದ್ದು ಮುಳ್ಳು ಸೊನ್ನೆಗಿಂತ ಕೆಳಗೆ ಸರಿದಿದ್ದರೂ ಆ ಮೊಳೆಗೆ ಒರಗಿಕೊಂಡು ಸಾಧುವಿನಂತೆ ನಿಂತಿರುತ್ತದೆ.

ಗಾಳಿಗುದುರೆ
ಗ್ಲಿಸರಿನ್ ತುಂಬಿದ ಡಯಲ್ ಒಳ್ಳೆಯದು ಎಂದು ಕೇಳಿದ್ದೇನೆ. ನಿಜವೇ?

ಮುಳ್ಳುನೋಡು
ಅದು ಮುಳ್ಳು ಗಡಗಡ ನಡುಗದಂತೆ ಹಿಡಿಯಲು. ಪಂಪು, ಕಂಪ್ರೆಸರ್ ಮೇಲೆ ಕೂರುವ ಗೇಜಿಗೆ ಬೇಕು. ಕೈಯಲ್ಲಿ ಹಿಡಿದು ನಿಂತ ಟೈರ್ ಅಳೆಯುವುದಕ್ಕೆ ಅಷ್ಟೇನೂ ಬೇಡ. ಮುಚ್ಚಿದ ಡಬ್ಬಿಯೊಳಗೆ ಎಣ್ಣೆಯಂಥ ದ್ರವ ಬಿಸಿಗೆ ಹಿಗ್ಗಿದರೆ ಓದು ಒಂದಿಷ್ಟು ಆಚೀಚೆ ಆಗುವುದೂ ಉಂಟು.

ಗಾಳಿಗುದುರೆ
ಹಾಗೆಯೇ ನೈಟ್ರೋಜನ್ ಹಾಕಿಸಿದರೆ ಗೇಜೇ ಬೇಡವಂತೆ? ಒತ್ತಡ ಬದಲಾಗುವುದೇ ಇಲ್ಲವಂತೆ?

ಹಳೇಸ್ಪ್ಯಾನರ್
ಯಾರು ಹೇಳಿದರು? ಮಾಮೂಲಿ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ. ಬಿಸಿಯಾದರೆ ಅದೂ ಒತ್ತಡ ಏರಿಸುತ್ತದೆ, ತಣ್ಣಗಾದರೆ ಇಳಿಸುತ್ತದೆ. ಒಣ ಗಾಳಿ ಎಂಬ ಒಂದು ಲಾಭ ಇದೆ, ರಬ್ಬರಿನ ಮೂಲಕ ಸೋರುವುದು ಸ್ವಲ್ಪ ನಿಧಾನ. ಆದರೆ ಚೆಕ್ ಮಾಡುವುದು ತಪ್ಪುವುದಿಲ್ಲ.

ಗಾಳಿಗುದುರೆ
ಆದರೆ ವಿಮಾನಕ್ಕೆ ಅದನ್ನೇ ಹಾಕುತ್ತಾರಲ್ಲ?

ಬಟನ್‌ಸೆಲ್
ನಿಮ್ಮ ಕಾರು ಹಾರುತ್ತದಾ?

ಮೇಲ್ವಿಚಾರಕ
ನೈಟ್ರೋಜನ್ ಜಗಳಕ್ಕೆ ಬೇರೆ ಜಾಗ ಇದೆ, ಅಲ್ಲಿ ಈಗಾಗಲೇ ನಲವತ್ತು ಪುಟ ಆಗಿದೆ. ಇಲ್ಲಿ ಗೇಜ್ ಮಾತ್ರ.

ಎರಡುಚಕ್ರ
ಗೇಜಿನ ಮಾತೇ ಆದರೆ ನಮ್ಮ ಅಣ್ಣನ ಕಥೆ ಹೇಳುತ್ತೇನೆ. ತಾನೇ ನಿಲ್ಲುವ ಪುಟ್ಟ ಕಂಪ್ರೆಸರ್ ತಂದಿದ್ದ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದ ಎನ್ನುತ್ತಾರಲ್ಲ, ಹಾಗೆ ದಿನಾ ಗಾಳಿ ಹಾಕುವುದೇ ಕೆಲಸ. ಒಂದು ದಿನ ಗುಂಡಿ ಒತ್ತುವಾಗ ಅದು ಪಿಎಸ್‌ಐ ಬಿಟ್ಟು ಬಾರ್‌ಗೆ ಹೋಗಿದೆ. ಇವನಿಗೆ ಕಂಡದ್ದು 3.3. "33 ಅಲ್ವಾ, ಚುಕ್ಕಿ ಒಂದು ಬಂದಿದೆ" ಎಂದುಕೊಂಡು ಹಾಗೇ ಬಿಟ್ಟ. 3.3 ಬಾರ್ ಎಂದರೆ 48 ಪಿಎಸ್‌ಐ! ಸಣ್ಣ ಹಳ್ಳದಲ್ಲೂ ಗಾಡಿ ಮೊಲದ ಹಾಗೆ ಕುಪ್ಪಳಿಸುತ್ತಿತ್ತು. ಅತ್ತಿಗೆ ಸಸ್ಪೆನ್ಶನ್ ಹೋಗಿದೆ ಎಂದು ಮೆಕ್ಯಾನಿಕ್ ಹತ್ತಿರ ಒಯ್ದರು.

ಒಂದು ಸಲ ಬರೆದಿಟ್ಟುಕೊಳ್ಳಿ. 1 ಬಾರ್ ಎಂದರೆ 14.5 ಪಿಎಸ್‌ಐ, ಅಂದರೆ 100 ಕಿಲೋಪಾಸ್ಕಲ್. 33 ಪಿಎಸ್‌ಐ ಎಂದರೆ 2.3 ಬಾರ್, 228 ಕಿಲೋಪಾಸ್ಕಲ್.

ಹಳೇಸ್ಪ್ಯಾನರ್
ಹ್ಹಹ್ಹ. ಇಂಥ ಸಣ್ಣ ಕಂಪ್ರೆಸರಿನ ಇನ್ನೊಂದು ಗುಟ್ಟು. ಗಾಳಿ ಹೋಗುತ್ತಿರುವಾಗ ಅದು ತೋರಿಸುವುದು ಪೈಪಿನ ಒತ್ತಡ. ಟೈರಿನ ಒತ್ತಡ ಅದಕ್ಕಿಂತ ಕಡಿಮೆ ಇರುತ್ತದೆ. ನಿಲ್ಲಿಸಿ, ಮುಳ್ಳು ಕೂರಲಿ, ಆಮೇಲೆ ಓದಿ. ಬೇರೆ ಗೇಜಿನಲ್ಲಿ ಒಮ್ಮೆ ನೋಡಿದರೆ ಇನ್ನೂ ಒಳ್ಳೆಯದು.

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿ ನೋಡಿ ಗಾಳಿ ಹಾಕುವವರೂ ಇದ್ದಾರೆ. ಅದು ಆ ಟೈರ್ ತಡೆಯುವ ಗರಿಷ್ಠ ಮಿತಿ. ನಿಮ್ಮ ಗಾಡಿಗೆ ಎಷ್ಟು ಬೇಕು ಎನ್ನುವುದು ಬಾಗಿಲ ಚೀಟಿಯಲ್ಲೋ ಪೆಟ್ರೋಲ್ ಮುಚ್ಚಳದ ಒಳಗೋ ಇರುತ್ತದೆ. ಜಾಸ್ತಿ ಆದರೆ ಟೈರಿನ ನಡುಭಾಗ ಸವೆಯುತ್ತದೆ, ಕಡಿಮೆ ಆದರೆ ಎರಡೂ ಅಂಚು. ಸವೆದ ಟೈರ್ ನೋಡಿದರೆ ಮಾಲೀಕರ ಗೇಜ್ ಎಂಥದ್ದು ಎಂದು ಹೇಳಿಬಿಡಬಹುದು.

ಗಾಳಿಗುದುರೆ
ಹೊಸ ಕಾರುಗಳಲ್ಲಿ ಟೈರಿನ ಒತ್ತಡವನ್ನು ಗಾಡಿಯೇ ನೋಡಿಕೊಳ್ಳುವ ಟಿಪಿಎಂಎಸ್ ಇದೆಯಲ್ಲ, ಪರದೆ ಮೇಲೇ ಬರುತ್ತದೆ. ಮತ್ತೆ ಗೇಜ್ ಯಾಕೆ ಎನ್ನುವುದು ನನ್ನ ಪ್ರಶ್ನೆ.

ಮುಳ್ಳುನೋಡು
ಅದು ಎಚ್ಚರಿಸುವುದಕ್ಕೆ, ಹೊಂದಿಸುವುದಕ್ಕಲ್ಲ. ಅಮೆರಿಕದ ನಿಯಮದ ಪ್ರಕಾರ ಒತ್ತಡ ಹೇಳಿದ್ದಕ್ಕಿಂತ ಶೇ. 25 ಇಳಿದಾಗ ದೀಪ ಹೊತ್ತಬೇಕು. 33ರಲ್ಲಿ ಅದು 25ಕ್ಕೆ ಬಂದ ಹಾಗಾಯಿತು. 27ರಲ್ಲಿ ನೀವು ಹಾಯಾಗಿ ಓಡಿಸುತ್ತಿರುತ್ತೀರಿ. ಪ್ರತಿ ಚಕ್ರದೊಳಗೆ ಸೆನ್ಸರ್ ಇದ್ದು ಅಂಕಿ ತೋರಿಸುವ ಗಾಡಿಯಾದರೆ ಪರವಾಗಿಲ್ಲ. ಕೆಲವು ಗಾಡಿಗಳಲ್ಲಿ ಸೆನ್ಸರ್ ಇರುವುದೇ ಇಲ್ಲ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಮೂಲಕ ಯಾವ ಚಕ್ರ ಬೇಗ ತಿರುಗುತ್ತಿದೆ ಎಂದು ನೋಡಿ ಊಹಿಸುತ್ತದೆ. ನಾಲ್ಕೂ ಟೈರ್ ಒಟ್ಟಿಗೆ ಇಳಿದರೆ ಅದಕ್ಕೆ ಗೊತ್ತಾಗದೇ ಇರಬಹುದು.

ಸೈಕಲ್‌ಸವಾರ
ಬೆಟ್ಟ ಹತ್ತಿದ ಮೇಲೆ ಅಳೆದರೆ ಗೇಜ್ ಜಾಸ್ತಿ ತೋರಿಸುತ್ತದೆ ಎನ್ನುತ್ತಾರೆ. ಸುಳ್ಳಾ ನಿಜವಾ?

ಮುಳ್ಳುನೋಡು
ನಿಜ. ಗೇಜ್ ಅಳೆಯುವುದು ಒಳಗಿನ ಒತ್ತಡಕ್ಕೂ ಹೊರಗಿನ ಒತ್ತಡಕ್ಕೂ ಇರುವ ವ್ಯತ್ಯಾಸ. ಸಾವಿರ ಮೀಟರ್ ಮೇಲೆ ಹೋದರೆ ಹೊರಗಿನದ್ದು ಸುಮಾರು 1.6 ಪಿಎಸ್‌ಐ ಇಳಿಯುತ್ತದೆ, ಅಷ್ಟು ಜಾಸ್ತಿ ಕಾಣಬೇಕು. ಆದರೆ ಮೇಲೆ ಚಳಿ. ಅಷ್ಟೇ ಎತ್ತರಕ್ಕೆ 6 ಡಿಗ್ರಿ ಇಳಿದರೆ 1 ಪಿಎಸ್‌ಐ ವಾಪಸ್ ಹೋಗುತ್ತದೆ. ಕೊನೆಗೆ ಉಳಿಯುವುದು ಅರ್ಧ ಪಿಎಸ್‌ಐ ಚಿಲ್ಲರೆ. ಅದಕ್ಕಾಗಿ ಗಾಳಿ ಬಿಡಬೇಡಿ.

ಅನುಮಾನಿ
ಎಲ್ಲ ಓದಿ ಅಳೆದೂ ಸುರಿದೂ ಒಂದು ತೀರ್ಮಾನಕ್ಕೆ ಬಂದಿದ್ದೇನೆ. 60ರ ವರೆಗಿನ ಡಯಲ್, ಚಿಕ್ಕ ಪೈಪ್, ತಿರುಗುವ ಬಾಯಿ, ರಬ್ಬರ್ ಕವಚ. ಗಾಳಿ ಬಿಡುವ ಗುಂಡಿ ಇರುವುದನ್ನು ತಗೊಳ್ಳಲಾ?

ಹಳೇಸ್ಪ್ಯಾನರ್
ಖಂಡಿತ. ಬಿಸಿ ಟೈರಿಗೆ ಜಾಸ್ತಿ ಹಾಕಿಸಿ ತಂದು, ಬೆಳಗ್ಗೆ ತಣ್ಣಗಾದಾಗ ಗುಂಡಿ ಒತ್ತಿ ಸರಿಯಾಗಿ 33ಕ್ಕೆ ಇಳಿಸಿ. ಗೇಜ್ ತೆಗೆಯದೇ ಮಾಡಬಹುದು. ನಾನು ಮನೆಯಲ್ಲಿ ಮಾಡುವುದೇ ಹಾಗೆ. ಮನೆಯಲ್ಲಿ ಪಂಪ್ ಇಲ್ಲದವರಿಗೆ ಇದಕ್ಕಿಂತ ಸುಲಭ ದಾರಿ ಇಲ್ಲ.

ಲಾರಿಬಳಗ
ಸ್ಟೆಪ್ನಿ ಸಪೂರದ್ದಾದರೆ 60ರ ಗೇಜ್ ಸಾಲುವುದಿಲ್ಲ. ಆ ತೆಳ್ಳಗಿನ ತಾತ್ಕಾಲಿಕ ಚಕ್ರಕ್ಕೆ 60 ಹಾಕಬೇಕು. ಮುಳ್ಳು ಕೊನೆಯ ಗೆರೆಗೆ ಹೋಗಿ ಕೂರುತ್ತದೆ. 100ರದ್ದು ತಗೊಳ್ಳಿ.

ಮುಳ್ಳುನೋಡು
ವರ್ಷಕ್ಕೆ ಎರಡು ಸಲ ನೋಡುವ ಸ್ಟೆಪ್ನಿಗಾಗಿ ತಿಂಗಳಿಗೆ ಎರಡು ಸಲ ನೋಡುವ ನಾಲ್ಕು ಟೈರಿನ ಅಳತೆ ಕೆಡಿಸಿಕೊಳ್ಳಬೇಕೇ? ಸ್ಟೆಪ್ನಿಗೆ ಅವರ ಡಿಜಿಟಲ್ ಇದೆಯಲ್ಲ.

ಲಾರಿಬಳಗ
ಎರಡೆರಡು ಗೇಜ್ ಹಿಡಿದು ಓಡಾಡಲು ಅವರೇನು ಡಾಕ್ಟರಾ?

ಸ್ಟೆಪ್ನಿ
ಅಂತೂ ನನ್ನ ನೆನಪು ಬಂತು.

ಅನುಮಾನಿ
ಮೂರು ವಾರದ ವರದಿ. ಹೇಳಿದ ಥರದ್ದೇ 60ರ ಡಯಲ್ ಬಂತು. ಟೈರ್ ವರ್ಕ್‌ಶಾಪಿನ ಮಾಸ್ಟರ್ ಗೇಜ್ ಜೊತೆ ಹೋಲಿಸಿದೆ. ಅವರದ್ದು 33, ನನ್ನದು ಮೂರು ಸಲವೂ 33.5. ಬೆನ್ನಿಗೆ "ಅರ್ಧ ಕಳೆ" ಎಂದು ಚೀಟಿ ಅಂಟಿಸಿದ್ದೇನೆ. ಹಳೇ ಡಿಜಿಟಲ್ 32 ಎಂದಿತು, ಅಂದರೆ 1 ಕಡಿಮೆ. ಅದಕ್ಕೂ ಚೀಟಿ.

ಎಡಗಡೆ ಟೈರಿನ ಅನುಮಾನವೂ ನಿಜವಾಯಿತು. ಎರಡು ಭಾನುವಾರ, ಒಂದೇ ಹೊತ್ತಿಗೆ ನೋಡಿದೆ. ಉಳಿದ ಮೂರು ಅಲ್ಲಾಡಿಲ್ಲ, ಅದು ಮಾತ್ರ ವಾರಕ್ಕೆ 2 ಇಳಿದಿದೆ.

ಹಳೇಸ್ಪ್ಯಾನರ್
ತಿಂಗಳಿಗೆ 1 ಅಥವಾ 2 ಇಳಿಯುವುದು ಎಲ್ಲ ಟೈರಿನಲ್ಲೂ ಇದ್ದದ್ದೇ, ರಬ್ಬರಿನ ಮೂಲಕವೇ ಹೋಗುತ್ತದೆ. ವಾರಕ್ಕೆ 2 ಎಂದರೆ ಎಲ್ಲೋ ತೂತಿದೆ. ಪಂಕ್ಚರ್ ಅಂಗಡಿಗೆ ಹೋಗುವ ಮೊದಲು ವಾಲ್ವ್ ಬಾಯಿಗೆ ಒಂದು ಹನಿ ಎಂಜಲೋ ಸೋಪಿನ ನೀರೋ ಹಚ್ಚಿ ನೋಡಿ.

ಅನುಮಾನಿ
ಹಚ್ಚಿದೆ. ಗುಳ್ಳೆ ಬಂತು! ಒಳಗಿನ ಪಿನ್ ಸಡಿಲ ಇತ್ತು. ಅದನ್ನು ಬಿಗಿ ಮಾಡುವ ಪುಟ್ಟ ಚಾವಿಯಿಂದ ಕಾಲು ಸುತ್ತು ತಿರುಗಿಸಿದೆ, ಗುಳ್ಳೆ ನಿಂತಿತು. ಆ ವಾಲ್ವ್‌ಗೆ ಮುಚ್ಚಳವೂ ಇರಲಿಲ್ಲ, ಹಾಕಿದೆ.

ಎರಡುಚಕ್ರ
ಇಷ್ಟಕ್ಕೆ ಬಂಕಿನವರು ಬೈಸಿಕೊಂಡರು ಪಾಪ.

ಸ್ಟೆಪ್ನಿ
ಅನುಮಾನಿಯವರೇ. ಮೂರನೇ ಸಲ ಕೇಳುತ್ತಿದ್ದೇನೆ.

ಅನುಮಾನಿ
ಸರಿ ಸರಿ, ಡಿಕ್ಕಿ ಖಾಲಿ ಮಾಡಿ ಈಗಷ್ಟೇ ತೆಗೆದೆ. ನನ್ನದು ಲಾರಿಬಳಗ ಹೇಳಿದ ಆ ಸಪೂರದ್ದೇ. ಮೇಲೆ 60 ಎಂದು ದೊಡ್ಡದಾಗಿ ಬರೆದಿದೆ. 60ರ ಗೇಜ್ ಸಾಲುತ್ತದೋ ಇಲ್ಲವೋ ಎಂದು ನೀವಿಬ್ಬರೂ ಜಗಳ ಆಡಿದ್ದು ನೆನಪಾಗಿ ಹೆದರಿಕೊಂಡೇ ಇಟ್ಟೆ. 19 ತೋರಿಸಿತು.

ಮುಳ್ಳುನೋಡು
60ರ ಡಯಲಿನಲ್ಲಿ 19 ಎಂದರೆ ನಡುಭಾಗದ ಒಳಗೇ ಬಂತು. ಆ ಓದನ್ನು ಧೈರ್ಯವಾಗಿ ನಂಬಬಹುದು. ಅರ್ಧ ಕಳೆಯಲು ಮರೆಯಬೇಡಿ.